ಲೇಖನಿಯ ಒಳಬಣ್ಣ

ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥಿನ ಮೇಲೆ ದುಡಿಯುವ ನನ್ನ ಹಳೆಯ ಶಿಷ್ಯನೊಬ್ಬನು ಕಳೆದ ಶ್ರಾವಣದ ಒಂದು ಸಂಜೆ ಮನೆಗೆ ಬಂದು ನನ್ನೆದುರು ಒಂದು ಸಂದೇಹವನ್ನಿಟ್ಟನು. ಹಗಲೆಲ್ಲ ಉಕ್ಕನ್ನು ಕಡೆಯುವ ಈತನಿಗೆ ರಾತ್ರಿಯ ಬಿಡುವಿನಲ್ಲಿ ಬಣ್ಣದ ರಾಳದ ತುಂಡುಗಳಿಂದ ಲೇಖನಿಗಳನ್ನು ಕಡೆಯುವ ಹವ್ಯಾಸವಿರುವದು. ಈಚೆಗೆ ಅವುಗಳಿಗೆ ಗಿರಾಕಿಗಳೂ ದೊರೆತಿರುವರು. ಸಂದೇಹವು ಬೆರಳುದ್ದದ ವಸ್ತುವನ್ನು ಕುರಿತದ್ದು. ಆದರೂ ಅದು ಎರಡು ತಿಂಗಳು ನನ್ನನ್ನು ಬಿಡದೆ ಕಾಡಿದ್ದರಿಂದ ವಾಚಕರ ಮುಂದಿಡಲು ಧೈರ್ಯಮಾಡಿರುವೆನು.

ಕೆಲಸದ ರೀತಿಯನ್ನು ಮೊದಲು ತಿಳಿಸಬೇಕು. ರಾಳದ ತುಂಡಿನ ನಡುವೆ ರಂಧ್ರ ಕೊರೆದು, ಅದರಲ್ಲಿ ಹಿತ್ತಾಳೆಯ ತೆಳುವಾದ ನಳಿಗೆಯನ್ನು ಅಂಟಿನಿಂದ ಕೂಡ್ರಿಸಿ, ಬಳಿಕ ಹೊರಮೈಯನ್ನು ಕಡೆಯುವರು. ರಾಳವು ಬೆಳಕನ್ನು ಅರೆಬರೆ ಹಾಯಗೊಡುವಂತಹದಾದರೆ, ಕಡೆದು ತೆಳುವಾದಂತೆಲ್ಲ ಒಳಗಿನ ಹಿತ್ತಾಳೆಯೂ, ಅಂಟಿನ ಗೆರೆಗಳೂ, ಗಾಳಿಯ ಗುಳ್ಳೆಗಳೂ ಹೊರಗೆ ಕಾಣತೊಡಗುವವು. ನೀಲಿಯು ಹಿತ್ತಾಳೆಯ ಹಳದಿಯೊಡನೆ ಕೂಡಿ ಹಸಿರಿಗೆ ವಾಲುವದು. ಇದರ ಸಲುವಾಗಿ ಒಳಗೆ ಬಣ್ಣ ಬಳಿಯುವ ಪದ್ಧತಿ. ಬಿಳಿಯನ್ನು ಬಳಿದರೆ ಒಳಹೊಕ್ಕ ಬೆಳಕು ಮರಳಿ ಹೊರಟು ರಾಳವು ತಿಳಿಯಾಗಿ ಬೆಳಗುವದು. ಕಪ್ಪು ಬೆಳಕನ್ನೆಲ್ಲ ನುಂಗಿ ವರ್ಣವನ್ನು ಗಾಢವಾಗಿಸುವದು, ರಾಳದಲ್ಲಿ ಅಭ್ರಕದ ಹುಡಿಯಿದ್ದರೆ ಅದರ ಮಿಂಚು ಕಪ್ಪಿನ ಮುಂದೆಯೇ ಎದ್ದುಕಾಣುವದು. ರಾಳದ ಸ್ವಂತ ಬಣ್ಣವನ್ನೇ ಬಳಿದರೆ ಅದು ಇಮ್ಮಡಿಯಾಗುವದು. ಬಣ್ಣವನ್ನು ನಳಿಗೆಗೆ ಬಳಿದರೆ ಅಂಟು ಬಣ್ಣದ ಮುಂದೆ ಉಳಿದು ಅದರ ದೋಷಗಳು ಹಾಗೆಯೇ ಕಾಣುವವು. ರಂಧ್ರದ ಗೋಡೆಗೆ ಬಳಿದರೆ ಅಂಟೆಲ್ಲ ಬಣ್ಣದ ಹಿಂದೆ ಮರೆಯಾಗುವದು. ಬಲ್ಲವರು ಈ ಎರಡನೆಯ ರೀತಿಯನ್ನೇ ಮೆಚ್ಚುವರಂತೆ.

ಒಂದೇ ನೀಲಿ ತುಂಡಿನಿಂದ ಕೊಯ್ದ ಮೂರು ಚೂರುಗಳನ್ನು ಅವನು ಕಟ್ಟೆಯ ಮೇಲಿಟ್ಟನು. ಒಂದು ಶರದ ಆಕಾಶ, ಒಂದು ನಡುರಾತ್ರಿ, ಬಣ್ಣವಿಲ್ಲದ ಮೂರನೆಯದು ಪಾಚಿಗಟ್ಟಿದ ಹೊಂಡ. "ಗುರುಗಳ, ನೀಲಿ ಅಂತ ಹೇಳಿ ಮಾರತೀನಿ. ಇದು ಮೋಸ ಆಗ್ತದೇನ್ರಿ?" ಎಂದನು.

ಪಾಠಶಾಲೆಯಲ್ಲಿ ಬೆಳೆದವನ ನಾಲಿಗೆಗೆ ಮೊದಲು ಬರುವದು ಸ್ಫಟಿಕ ಮತ್ತು ದಾಸವಾಳದ ದೃಷ್ಟಾಂತ. ಕೆಂಪು ಹೂವಿನ ಸನ್ನಿಧಿಯಲ್ಲಿ ಸ್ಫಟಿಕವು ಕೆಂಪೆಂದು ತೋರುವದು, ಕೆಂಪಾಗುವದಿಲ್ಲ. ಆತ್ಮಬೋಧದಲ್ಲಿ ಹೂವಿನ ಬದಲು ನೀಲಿ ವಸ್ತ್ರವಿರುವದು. ಯೋಗಸೂತ್ರದ ಮೊದಲನೆಯ ಪಾದದಲ್ಲಿ ನಿರ್ಮಲವಾದ ಚಿತ್ತಕ್ಕೆ ಇಂಥ ಮಣಿಯ ಉಪಮೆಯೇ ಬಂದಿರುವದು. ಉಪಾಧಿಯ ಧರ್ಮವು ಉಪಹಿತದ ಮೇಲೆ ತೋರುವ ಬಗೆಯನ್ನು ನಾನು ಅರ್ಧ ತಾಸು ವಿವರಿಸಿದೆನು. ಅವನು ವಿನಯದಿಂದ ಕೇಳಿ, "ಖರೇ ಅದರಿ. ಆದ್ರ ಆ ಸ್ಫಟಿಕಾ ಯಾರೂ ಮಾರಾಕ ತಂದಿರಲಿಲ್ಲಲ್ರಿ" ಎಂದನು. ನನಗೆ ಉತ್ತರ ಹೊಳೆಯಲಿಲ್ಲ. ಶಾಸ್ತ್ರದ ದೃಷ್ಟಾಂತವು ನೋಡುವವನ ಭ್ರಮೆಯನ್ನು ಕುರಿತದ್ದು. ಇವನ ಪ್ರಶ್ನೆಯು ತೋರಿಸುವವನ ಧರ್ಮವನ್ನು ಕುರಿತದ್ದು.

ಅದಾಗಿ ಹದಿನೈದು ದಿನಗಳಿಗೆ ಖಾನಾಪುರಕ್ಕೆ ಹೋಗುವ ಪ್ರಸಂಗವೊದಗಿತು. ಮಲಪ್ರಭೆಯ ದಂಡೆಯ ಆ ಊರು ಹೆಂಚಿಗೂ ಮಣ್ಣಿನ ಪಾತ್ರೆಗಳಿಗೂ ಹೆಸರಾದದ್ದು. ಕೆಂಪು ಮಣ್ಣಿನ ಮೇಲೆ ಗಾಜಿನಂಥ ತಿಳಿ ಲೇಪವನ್ನು ಹಾಗೆಯೇ ಕೊಟ್ಟು ಸುಟ್ಟರೆ ಪಾತ್ರೆಯು ಕಂದಾಗಿಯೇ ಉಳಿಯುವದು. ನಡುವೆ ಬಿಳಿಮಣ್ಣಿನ ತೆಳುವಾದ ರಾಡಿಯನ್ನು ಬಳಿದರೆ ಮೇಲಿನ ಹಸಿರು-ನೀಲಿಗಳು ನಗುವವು. ನನ್ನ ಶಿಷ್ಯನ ಉಪಾಯವೇ ಇದು, ಬಹು ಪುರಾತನವಾದದ್ದು. ಆದರೆ ಅಂಥದೊಂದು ಪಾತ್ರೆಯನ್ನು ಬೋರಲು ಮಾಡಿ ನೋಡಿದೆನು. ಅಡಿಯಲ್ಲಿ ಲೇಪವಿರಲಿಲ್ಲ, ಬಿಳಿಯೂ ಇರಲಿಲ್ಲ. ಕೆಂಪು ಮಣ್ಣು ಬರಿದಾಗಿ ಕಾಣುತ್ತಿತ್ತು. ಲೇಪವು ಕರಗಿ ಗೂಡಿನ ಹಲಗೆಗೆ ಅಂಟದಿರಲೆಂದು ಅಡಿಯನ್ನು ಹಾಗೆ ಬಿಡುವರು, ಸತ್ಯನಿಷ್ಠೆಗಾಗಿ ಅಲ್ಲ. ಹೇಗೇ ಇರಲಿ, ತಿರುಗಿಸಿ ನೋಡುವ ಮನಸ್ಸುಳ್ಳವನಿಗೆ ಮಣ್ಣು ಮಣ್ಣೆಂದೇ ತಿಳಿಯುವದು.

ಅಕ್ಕಸಾಲಿಗನು ಹರಳಿನ ಹಿಂದೆ ತಗಡನ್ನಿಡುವದೂ ಇದೇ ಜಾತಿಯದು. ನಸುಬಣ್ಣದ ನಿಜವಾದ ಮಾಣಿಕ್ಯಕ್ಕೆ ತಗಡು ಕಾಂತಿಯನ್ನು ಕೂಡಿಸುವದು. ಬಿಳಿಯ ಗಾಜಿಗೆ ಕೆಂಪು ತಗಡನ್ನಿಟ್ಟು ಮಾಣಿಕ್ಯವೆಂದರೆ ಕಳವು. ತಗಡು ಎರಡೂ ಕಡೆ ಒಂದೇ. ರಾಳವನ್ನು ರಾಳವೆಂದೇ ಮಾರುವ ನನ್ನ ಶಿಷ್ಯನು ಈ ಲೆಕ್ಕದಲ್ಲಿ ನಿರ್ದೋಷಿ. ಇಷ್ಟಕ್ಕೇ ಮುಗಿಯಬಹುದಿತ್ತು, ಆದರೆ ಅಂಟಿನ ಮಾತು ಉಳಿಯಿತು. ರಂಧ್ರಕ್ಕೆ ಬಣ್ಣ ಬಿದ್ದ ಮೇಲೆ ಅಂಟು ಪೂರ್ತಿಯಾಗಿ ಹರಡಿದೆಯೋ, ಅರ್ಧಕ್ಕೇ ನಿಂತಿದೆಯೋ ಯಾರೂ ಕಾಣರು. ಅರ್ಧ ಅಂಟಿನ ಲೇಖನಿಯೂ ಅಂಗಡಿಯಲ್ಲಿ ಅಷ್ಟೇ ಚೆಲುವಾಗಿರುವದು. ಸಡಿಲುವದು ಕೊಂಡವನ ಕಿಸೆಯಲ್ಲಿ. ಬಣ್ಣವು ಸುಳ್ಳಾಡದಿದ್ದರೂ ಸುಳ್ಳಿಗೆ ಒಂದು ಕೋಣೆಯನ್ನು ಕಟ್ಟಿಕೊಟ್ಟಿತು.

ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆನು. ನಾನು ಮುಖ್ಯಾಧ್ಯಾಪಕನಾಗಿದ್ದಾಗ ತಂದೆಯಿಲ್ಲದ ಹುಡುಗನೊಬ್ಬನು ಸಹಪಾಠಿಯ ಫೀಯ ಹಣವನ್ನು ಕದ್ದು ಸಿಕ್ಕಿಬಿದ್ದನು; ಅತ್ತು, ಒಪ್ಪಿಕೊಂಡು, ಹಣವನ್ನು ಮರಳಿಸಿದನು. ಮುಂದೆ ಎರಡು ವರ್ಷ ಅವನಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಒಂದು ಅಂಗಡಿಯಲ್ಲಿ ಹಣ ಎಣಿಸುವ ಕೆಲಸ ದೊರೆಯುವಂತಾದಾಗ ನಾನು ಅವನಿಗೆ 'ನಡತೆ ಉತ್ತಮ' ಎಂದು ಬರೆದು ಸಹಿ ಹಾಕಿದೆನು. ಅಂಗಡಿಯವರು ನಂಬಿದರು. ಅವನು ಇಂದಿಗೂ ಪ್ರಾಮಾಣಿಕನಾಗಿಯೇ ಬಾಳುತ್ತಿರುವನು. ಆದರೆ ಫಲ ಒಳ್ಳೆಯದಾದ ಮಾತ್ರಕ್ಕೆ ಬರಹವು ನಿರ್ದೋಷವಾಗದು. ಹುಡುಗನಲ್ಲಿದ್ದ ಬೆಳಕು ಹೊರಗೆ ಬರಲೆಂದು ಬಿಳಿಯನ್ನು ಬಳಿದೆನೋ, ಅಥವಾ ಒಳಗಿನ ಗುಳ್ಳೆಯನ್ನು ಮರೆಮಾಡಿದೆನೋ? ಅಂಗಡಿಯವರು ಎದುರಿಗೆ ಕೇಳಿದ್ದರೆ ಇದ್ದದ್ದನ್ನು ಹೇಳುತ್ತಿದ್ದೆನೆಂದು ಈಗ ಎನಿಸುವದು. ಅವರು ಕೇಳದಿರಲಿ ಎಂದು ಅಂದು ಹಾರೈಸಿದ್ದೂ ನೆನಪಿರುವದು.

ದಸರೆಯಲ್ಲಿ ಬನ್ನಿ ಕೊಡಲು ಶಿಷ್ಯನು ಬಂದಾಗ ನನಗೆ ತಿಳಿದಷ್ಟನ್ನು ಹೇಳಿದೆನು: ಬಣ್ಣ ಬಳಿಯಲು ಅಡ್ಡಿಯಿಲ್ಲ, ಕೇಳಿದವನಿಗೆ ಮುಚ್ಚಬೇಡ, ಅಂಟನ್ನು ಮಾತ್ರ ಎಲ್ಲರೂ ನೋಡುವರೆಂಬಂತೆ ಹಚ್ಚು. "ಕೇಳದವರಿಗೇನ್ರಿ?" ಎಂದನು. ಬಣ್ಣವಿಲ್ಲದ ಒಂದು ಲೇಖನಿಯನ್ನೂ ಮೇಜಿನ ಮೇಲಿಡು ಎಂದೆನು. ಅವನು ನಕ್ಕು, "ಅದನ್ನ ನೋಡಿದ್ರ ಒಬ್ಬರೂ ತಗೊಳ್ಳೂದಿಲ್ರಿ" ಎಂದನು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, "ಒಂದ ಇಟ್ಟು ನೋಡ್ತೀನ್ರಿ" ಎಂದನು. ನನಗೂ ಒಂದನ್ನು ಮಾಡಿಕೊಡುವ ಆಸೆ ಅವನಿಗೆ. ಒಳಗೆ ಯಾವ ಬಣ್ಣ ಹಾಕಲೆಂದು ಕೇಳಿದನು. ನೀಲಿಯ ಹಿಂದೆ ಬಿಳಿಯಿರಲಿ, ಅಂಟು ಹಚ್ಚುವ ದಿನ ನಾನೂ ಬಂದು ಕೂಡ್ರುವೆನು ಎಂದೆನು. ರವಿವಾರ ಬರಹೇಳಿರುವನು.