ಕೊಂಡದ ಸುತ್ತಲಿನ ಸಾಲು: ಭಕ್ತಿ ಮತ್ತು ಸಮಾಜಶಾಸ್ತ್ರ

ಪದವಿಪೂರ್ವ ಶಿಕ್ಷಣದ ಎರಡು ವರ್ಷಗಳಲ್ಲಿ ಕಲಾ ವಿಭಾಗದ ವಿದ್ಯಾರ್ಥಿಗಳು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಜೊತೆಗೆ ಓದುವ ಸಮಾಜಶಾಸ್ತ್ರವನ್ನು ಸುಲಭದ ವಿಷಯವೆಂದು ಎಣಿಸುವುದು ರೂಢಿಯಾದರೂ, ಧರ್ಮವನ್ನು ಕುರಿತು ಅದು ಎತ್ತುವ ಪ್ರಶ್ನೆ ಸುಲಭದ್ದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜುಗಳಿಗೆ ಹಳ್ಳಿಗಳಿಂದ ಬರುವ ಹದಿನಾರು ಹದಿನೇಳರ ಹರೆಯದವರು ಗ್ರಾಮದೇವತೆಗೆ ನಡೆದುಕೊಳ್ಳುವ ಮನೆಗಳಲ್ಲಿ ಬೆಳೆದವರು. ಅದೇ ನಡವಳಿಕೆಯನ್ನು ಅವರು ತರಗತಿಯಲ್ಲಿ ‘ಸಾಮಾಜಿಕ ಸಂಸ್ಥೆ’ ಎಂದು, ಅಂದರೆ ಜನರ ಬದುಕನ್ನು ಕಟ್ಟುಪಾಡಿಗೆ ಒಳಪಡಿಸುವ ನೆಲೆಗೊಂಡ ಏರ್ಪಾಡು ಎಂದು ಓದುತ್ತಾರೆ. ಹೀಗೆ ವಿವರಣೆಗೆ ಒಳಗಾದ ದೈವ ಆರಾಧನೆಗೂ ಉಳಿದೀತೇ ಎಂಬುದು ಇಲ್ಲಿನ ಜಿಜ್ಞಾಸೆ.

ಈ ಸೀಮೆಯ ಕೊಂಡದ ಹಬ್ಬವನ್ನೇ ನೋಡಬಹುದು. ಊರವರು ತಂದೊಟ್ಟಿದ ಸೌದೆ ರಾತ್ರಿಯಿಡೀ ಉರಿದು ಕೆಂಡವಾಗುತ್ತದೆ. ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಬರುತ್ತಾರೆ. ತಮಟೆಯ ಸದ್ದು ಏರುತ್ತಿದ್ದಂತೆ ಉಪವಾಸವಿದ್ದ ಪೂಜಾರಿ ಕೊಂಡ ಹಾಯುತ್ತಾನೆ. ಫ್ರೆಂಚ್ ಚಿಂತಕ ಎಮಿಲ್ ಡರ್ಖೈಮ್ 1912ರ ತನ್ನ ಗ್ರಂಥದಲ್ಲಿ ಜಗತ್ತನ್ನು ಪವಿತ್ರ ಮತ್ತು ಲೌಕಿಕ ಎಂದು ಬೇರ್ಪಡಿಸುವುದೇ ಧರ್ಮದ ಲಕ್ಷಣವೆಂದೂ, ಪವಿತ್ರವಾದುದರ ಮೂಲಕ ಸಮುದಾಯವು ತನ್ನ ಒಗ್ಗಟ್ಟಿನ ಶಕ್ತಿಗೇ ತಲೆಬಾಗುತ್ತದೆಯೆಂದೂ ವಾದಿಸಿದನು. ಈ ದೃಷ್ಟಿಯಲ್ಲಿ ಕೊಂಡದ ಸುತ್ತ ನೆರೆದ ಊರು ತಾನು ಒಂದು ಊರೆಂಬುದನ್ನು ಅಲ್ಲಿ ಮನಗಾಣುತ್ತದೆ.

ಆದರೆ ಆ ಒಂದು ಊರಿನಲ್ಲಿ ಎಲ್ಲರೂ ನಿಲ್ಲುವ ಜಾಗ ಒಂದೇ ಅಲ್ಲ. ತಮಟೆ ಬಡಿಯುವವರು ಯಾವ ಕೇರಿಯವರು, ಮೊದಲ ಪೂಜೆ ಯಾವ ಮನೆತನದ್ದು, ಗುಡಿಯ ಹೊಸ್ತಿಲವರೆಗೆ ಯಾರು ಬರಬಹುದು ಎಂಬ ಪ್ರಶ್ನೆಗಳಿಗೆ ಡರ್ಖೈಮನ ವಿವರಣೆಯೊಂದೇ ಸಾಲದು. ಸಂಖ್ಯೆ, ಭೂಮಿ ಮತ್ತು ಅಧಿಕಾರದ ಬಲದಿಂದ ಊರನ್ನು ನಡೆಸುವ ಜಾತಿಗೆ ‘ಪ್ರಬಲ ಜಾತಿ’ ಎಂಬ ಹೆಸರಿತ್ತವರು ಮೈಸೂರಿನಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸ್. 1950ರ ದಶಕದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್, ನಾಲೆಯ ನೀರು ಹರಿದ ಹಳ್ಳಿಯಲ್ಲಿ ಕಬ್ಬಿನ ಬೆಳೆ ಹಣ ತಂದರೂ ಒಕ್ಕಲು ಮತ್ತು ಆಳುಮಕ್ಕಳ ನಡುವಿನ ವಂಶಪಾರಂಪರ್ಯದ ಸಂಬಂಧ ಬಹುಮಟ್ಟಿಗೆ ಉಳಿದುದನ್ನೂ, ನೀರು ಹತ್ತದೆ ಹೊರಗಿನ ಕಸುಬುಗಳನ್ನು ಅರಸಿಹೋದ ಹಳ್ಳಿಯಲ್ಲಿ ಅದು ಸಡಿಲವಾದುದನ್ನೂ ಗುರುತಿಸಿದರು. ದೈವನಿಯಮವೆಂದು ತೋರುವ ಸಂಬಂಧವೊಂದು ನಾಲೆಯ ನೀರಿನೊಡನೆ ಗಟ್ಟಿಯಾಗುವುದೂ ಸಡಿಲವಾಗುವುದೂ ಉಂಟೆಂದಾದರೆ, ಅದರಲ್ಲಿ ಮನುಷ್ಯರ ಕೈಯೂ ಇದೆಯೆಂದು ಒಪ್ಪಬೇಕಾಗುತ್ತದೆ.

ದೇವಿ ಇದ್ದಾಳೆಯೇ ಎಂಬುದನ್ನು ಸಮಾಜಶಾಸ್ತ್ರ ನಿರ್ಣಯಿಸಲಾರದು. ಅಧ್ಯಯನಕಾರ ತನ್ನ ಒಲವು ಹಗೆಗಳನ್ನು ಬದಿಗಿಟ್ಟು ನೋಡಬೇಕೆಂಬ ‘ಮೌಲ್ಯ ತಾಟಸ್ಥ್ಯ’ದ ನಿಯಮ ಅದನ್ನು ಅಲ್ಲಿಗೇ ತಡೆಯುತ್ತದೆ. ಆದರೂ ಈ ಓದು ಭಕ್ತಿಗೆ ಏನೂ ಮಾಡದೆಂದು ಹೇಳಿದರೆ ಅದು ಅರ್ಧಸತ್ಯವಾದೀತು. ಹಿರಿಯರ ಪಾಲಿಗೆ ದೇವಿ ಬೇರೆ, ಅವಳ ಮುಂದೆ ಯಾರು ಎಲ್ಲಿ ನಿಲ್ಲಬೇಕೆಂಬ ಸಾಲು ಬೇರೆ ಎಂಬುದಿಲ್ಲ. ಸಾಲನ್ನು ಕದಲಿಸಿದರೆ ದೇವಿ ಮುನಿದಾಳೆಂಬ ಭಯವೂ ಅವರ ಭಕ್ತಿಯ ಭಾಗವೇ.

ಈ ಎರಡನ್ನು ಬೇರೆಮಾಡಿ ನೋಡುವ ದೃಷ್ಟಿ ಪಠ್ಯಪುಸ್ತಕದಿಂದಲೇ ಇಲ್ಲಿಗೆ ಬಂದುದಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ನೆಲೆಗೊಂಡ ಮಂಟೇಸ್ವಾಮಿಯನ್ನು ಕುರಿತು ನೀಲಗಾರರೆಂಬ ಗಾಯಕರು ಹಾಡುವ ಕಾವ್ಯದಲ್ಲಿ, ಆ ಗುರು ಅಸ್ಪೃಶ್ಯನ ರೂಪದಲ್ಲಿ ಕಲ್ಯಾಣಕ್ಕೆ ಹೋಗಿ, ಸಮಾನತೆಯನ್ನು ಸಾರಿದ ಶರಣರನ್ನೇ ತಿಪ್ಪೆಯ ಮೇಲಿನಿಂದ ಪರೀಕ್ಷಿಸುತ್ತಾನೆ. ಹೊಸ್ತಿಲವರೆಗೆ ಯಾರು ಬರಬಹುದು ಎಂಬ ಪ್ರಶ್ನೆಯನ್ನು ಅಲ್ಲಿ ಕೇಳಿದವನು ಆರಾಧನೆಗೆ ಪಾತ್ರನಾದ ಗುರುವೇ. ಆದುದರಿಂದ ಕೊಂಡದ ಸುತ್ತಲಿನ ಸಾಲನ್ನು ಪ್ರಶ್ನಿಸುವ ವಿದ್ಯಾರ್ಥಿ ಭಕ್ತಿಯ ಹೊರಗೆ ನಿಂತಿದ್ದಾನೆಂದು ಹೇಳಲು ಈ ಸೀಮೆಯ ಭಕ್ತಪರಂಪರೆಯೇ ಎಡೆಗೊಡುವುದಿಲ್ಲ.