ಸಹಶಿಕ್ಷಕಿ

ಶಾಲೆಯಲ್ಲಿ ನಾನು ಅಮ್ಮನನ್ನು ‘ಟೀಚರ್’ ಎಂದೇ ಕರೆಯಬೇಕಿತ್ತು. ಅದು ಅವಳೇ ಮಾಡಿದ ಕಟ್ಟಳೆ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಇದ್ದದ್ದು ಒಂದೇ ಕೊಠಡಿ, ನಾಲ್ಕು ತರಗತಿಗೂ ಅವಳೊಬ್ಬಳೇ. ಬೇರೆ ಮಕ್ಕಳು ಅವಳ ಸೆರಗು ಹಿಡಿದು ಜಗ್ಗಿದರೂ ನಡೆಯುತ್ತಿತ್ತು, ನಾನು ಮಾತ್ರ ಕೈಕಟ್ಟಿ ಕೂತಿರಬೇಕಿತ್ತು. ಅವಳು ತೀರಿಕೊಂಡು ವರ್ಷಗಳಾದವು. ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತಾಗ ಅವಳ ನೆನಪಾದರೆ, ಆ ಹಳೆಯ ಹೊಟ್ಟೆಕಿಚ್ಚೂ ಬೆನ್ನಿಗೇ ಬರುತ್ತದೆ.

ನಮ್ಮದು ಆಂಧ್ರದ ಗಡಿಗೆ ಒತ್ತಿಕೊಂಡ ತಾಲ್ಲೂಕು. ರಾಯಲ್ಪಾಡು ದಾಟಿದರೆ ಮದನಪಲ್ಲಿ ದಾರಿ. ಹಳ್ಳಿಗಳಲ್ಲಿ ಬಹುಪಾಲು ಮನೆಮಾತು ತೆಲುಗು. ಒಂದನೇ ತರಗತಿಗೆ ಬಂದ ಮಗುವಿಗೆ ಹಸಿವು, ಹೆದರಿಕೆ, ಜಗಳ ಎಲ್ಲವೂ ತೆಲುಗಿನಲ್ಲೇ. ಕೈಗೆ ಕೊಡುವ ಪುಸ್ತಕ ಮಾತ್ರ ಕನ್ನಡದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮನೆಮಾತಿನಲ್ಲೇ ಕಲಿಸುವ ಅನುಕೂಲ ಇರಬೇಕು ಎಂದು ಸಂವಿಧಾನಕ್ಕೆ 1956ರಲ್ಲಿ 350ಎ ವಿಧಿ ಸೇರಿತು. ನಮ್ಮ ಒಂಟಿ ಕೊಠಡಿಯಲ್ಲಿ ಆ ಅನುಕೂಲ ಎಂದರೆ ಅಮ್ಮನ ನಾಲಿಗೆಯೊಂದೇ.

ಹುಡುಗ ‘ನೀಳ್ಳು’ ಕೇಳಿದರೆ ಅವಳು ಮೊದಲು ನೀರು ಕೊಡುತ್ತಿದ್ದಳು. ಅವನು ಕುಡಿದು ಬಾಯಿ ಒರೆಸಿಕೊಂಡ ಮೇಲೆ, “ಇದಕ್ಕೆ ನೀರು ಅಂತಾನೂ ಅಂತಾರೆ ಕಣೋ” ಎನ್ನುವಳು. ತೆಲುಗು ಆಡಿದ್ದಕ್ಕೆ ಯಾರನ್ನೂ ಗದರಿದ್ದು ನಾನು ಕಾಣೆ. ಅಕ್ಷರ ತಿದ್ದಿಸುವುದು ಹೊಂಗೆ ಮರದ ಕೆಳಗೆ, ಮರಳ ಮೇಲೆ. ಸಿನಿಮಾ ಪೋಸ್ಟರ್ ನೋಡಿ ಅಷ್ಟಿಷ್ಟು ತೆಲುಗು ಅಕ್ಷರ ಕಲಿತ ದೊಡ್ಡ ಹುಡುಗರು ‘ಕ’ ಬರೆದರೆ ತಲೆಕಟ್ಟು ಬಲಕ್ಕೆ ಗೀರಿದಂತೆ ಮೇಲೇಳುತ್ತಿತ್ತು. ಅಮ್ಮ ಅದನ್ನು ಅಳಿಸುತ್ತಿರಲಿಲ್ಲ. ಪಕ್ಕದಲ್ಲೇ ಕೂತು, ಅವನ ತೋರುಬೆರಳು ಹಿಡಿದು, ಅಡ್ಡಲಾಗಿ ಮಲಗಿ ತುದಿಯಲ್ಲಿ ಸುರುಳಿಕೊಳ್ಳುವ ಕನ್ನಡದ ತಲೆಕಟ್ಟನ್ನು ಎಳೆಸುತ್ತಿದ್ದಳು. ಎರಡು ‘ಕ’ಗಳೂ ಅಕ್ಕಪಕ್ಕ ಸಂಜೆಯವರೆಗೂ ಇರುತ್ತಿದ್ದವು.

“ಮಾ ವಾಡಿಕಿ ಕನ್ನಡ ರಾದು ಟೀಚರಮ್ಮಾ” ಎಂದು ತಂದೆಯೊಬ್ಬರು ಮಗನನ್ನು ಬಿಡಿಸಿಕೊಂಡು ಹೋಗಲು ಬಂದಿದ್ದರು. ಅಮ್ಮ ಅವರಿಗೆ ಮಾಸ್ತಿಯವರ ವಿಷಯ ಹೇಳಿದಳು: “ನಮ್ಮ ಜಿಲ್ಲೆಯವರೇ ಕಣಪ್ಪಾ, ಮಾಲೂರು ಕಡೆ. ಅವರ ಮನೇಲಿ ತಮಿಳು. ಕನ್ನಡದಲ್ಲಿ ಬರೆದು ದೇಶದಲ್ಲೇ ದೊಡ್ಡ ಬಹುಮಾನ ತಗೊಂಡ್ರು.” ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ರ ಜ್ಞಾನಪೀಠ ಸಂದ ಸುದ್ದಿ ಆಗಿನ್ನೂ ಹಳತಾಗಿರಲಿಲ್ಲ. ಆ ತಂದೆಗೆ ಜ್ಞಾನಪೀಠದಿಂದ ಆಗಬೇಕಾದ್ದೇನೂ ಇರಲಿಲ್ಲ, ನಿಜ. ಆದರೂ ಹುಡುಗ ಶಾಲೆಯಲ್ಲೇ ಉಳಿದ.

ಅವಳ ನಿಜವಾದ ಪರೀಕ್ಷೆ ಮಾವಿನ ಸುಗ್ಗಿ. ಬಾದಾಮಿ, ರಸಪುರಿ ಬೇಸಿಗೆ ರಜೆಯಲ್ಲೇ ಮುಗಿಯುತ್ತಿದ್ದವು. ತೋತಾಪುರಿ ಕೊಯ್ಲು ಬರುವುದು ಶಾಲೆ ತೆರೆದ ಮೇಲೆ, ಜೂನ್ ಜುಲೈನಲ್ಲಿ. ಹಾಜರಿ ಪುಸ್ತಕದ ತುಂಬ ಗೈರು. ಕಾಯಿ ಆಯುವುದಕ್ಕೆ, ಹುಲ್ಲು ಹಾಸುವುದಕ್ಕೆ, ಲಾರಿ ತುಂಬುವಲ್ಲಿ ನಿಲ್ಲುವುದಕ್ಕೆ ಮಕ್ಕಳ ಕೈ ಬೇಕು. ಅಮ್ಮ ತೋಪಿಗೇ ಹೋಗುತ್ತಿದ್ದಳು. ‘ಮಗೂನ ಕಳಿಸಿ’ ಎಂದು ಬೇಡಿದರೆ ಆಗುವ ಮಾತಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮರದ ನೆರಳಲ್ಲಿ ಕೂತು ರೈತರನ್ನು ಮಂಡಿ ಚೀಟಿ ಕೇಳುವಳು. ತೂಕ, ದರ, ಕಮಿಷನ್, ಹಮಾಲಿ, ಕೊನೆಗೆ ಕೈಗೆ ಬಂದ ಮೊತ್ತ. ಆ ತುಂಡು ಕಾಗದವೇ ನಾಲ್ಕನೇ ತರಗತಿಯ ಗಣಿತ. ಗುಣಾಕಾರ ಮಾಡಿಸಿ, ಶೇಕಡಾ ಲೆಕ್ಕ ಹಾಕಿಸಿ, ಕಳೆಯಿಸುವಳು. ಲೆಕ್ಕ ತಾಳೆಯಾಗದಿದ್ದರೆ ಅಪ್ಪಂದಿರು ಮಗನ ಮುಖ, ಚೀಟಿಯ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಒಂದೆರಡು ಸುಗ್ಗಿ ಕಳೆಯುವಷ್ಟರಲ್ಲಿ ಸಂಜೆ ನಮ್ಮ ಮನೆ ಜಗಲಿಗೇ ಚೀಟಿಗಳು ಬರತೊಡಗಿದವು. ಅಮ್ಮ ತಾನು ನೋಡದೆ ಅವರವರ ಮಕ್ಕಳಿಂದಲೇ ಓದಿಸುತ್ತಿದ್ದಳು. ಓದು ಬಂದರೆ ಏನು ಬರುತ್ತದೆ ಎಂದು ಆ ಊರಿಗೆ ಬೇರೆ ಭಾಷಣ ಬೇಕಾಗಲಿಲ್ಲ.

1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಶುರುವಾಯಿತು. ಪ್ರತಿ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು ಎಂಬುದು ಅದರ ಗುರಿ. ನಮ್ಮಲ್ಲಿಗೂ ಇನ್ನೊಬ್ಬ ಮೇಷ್ಟ್ರು ಬಂದರು. ಅಮ್ಮನಿಗೆ ಉಸಿರಾಡಲು ಪುರಸೊತ್ತಾಯಿತು ಎಂದುಕೊಂಡೆ. ಅವಳು ಅದನ್ನೂ ಶಾಲೆಗೇ ಖರ್ಚು ಮಾಡಿದಳು.

ಮನೆಗೆ ಬರುವ ಹೊತ್ತಿಗೆ ಅವಳಲ್ಲಿ ನನಗೆಂದು ಉಳಿಯುತ್ತಿದ್ದದ್ದು ಸ್ವಲ್ಪವೇ. ಮುದ್ದೆ ತಿರುವುತ್ತಾ “ಪೇಪರ್ ಓದು, ಕೇಳಿಸ್ಕೋತೀನಿ” ಎನ್ನುವಳು. ನಾನು ತಪ್ಪು ಓದಿದರೆ ಹಿಟ್ಟಿನ ದೊಣ್ಣೆ ಒಂದು ಕ್ಷಣ ನಿಲ್ಲುತ್ತಿತ್ತು, ಅಷ್ಟೆ. ಎಷ್ಟೋ ರಾತ್ರಿ ಓದು ಮುಗಿಯುವ ಮೊದಲೇ ಗೋಡೆಗೊರಗಿ ನಿದ್ದೆ ಹೋಗಿರುತ್ತಿದ್ದಳು.

ಈಗ ಊರ ಕಡೆ ಹೋದರೆ, ಬ್ಯಾಂಕಿನಲ್ಲೋ ಬಸ್ ನಿಲ್ದಾಣದಲ್ಲೋ ನನಗಿಂತ ನರೆತ ತಲೆಯೊಂದು ತಡೆದು ನಿಲ್ಲಿಸುತ್ತದೆ. “ಟೀಚರಮ್ಮನ ಮಗ ಅಲ್ವೇನಪ್ಪಾ ನೀನು?” ಆಮೇಲೆ ನನಗೆ ಗೊತ್ತೇ ಇಲ್ಲದ ಅಮ್ಮನ ಕಥೆಗಳು. ಒಬ್ಬರ ಉಗುರು ಕತ್ತರಿಸುತ್ತಿದ್ದಳಂತೆ. ಮತ್ತೊಬ್ಬರ ಮದುವೆ ಹದಿನಾಲ್ಕಕ್ಕೇ ಗೊತ್ತಾದಾಗ ಅವರ ಮನೆಗೆ ಮೂರು ಸಂಜೆ ಹೋಗಿ ಕೂತು ತಪ್ಪಿಸಿದ್ದಳಂತೆ. ಆ ಸಂಜೆಗಳಲ್ಲಿ ಬಾಗಿಲಲ್ಲಿ ಕಾಯುತ್ತಾ ಕೂತವನು ನಾನು. ಆಗ ಕೈಗೆ ಸಿಗದ ತಾಯಿಯನ್ನು ಈಗ ಕಂತು ಕಂತಾಗಿ ಅವರೆಲ್ಲ ಹಿಂದಿರುಗಿಸುತ್ತಿದ್ದಾರೆ. ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ, ಹೋಗಲೇಬೇಕು ಎಂದು ನನಗೂ ಅನ್ನಿಸುವುದಿಲ್ಲ.

ಹಿಂದೆ ಪಾಪನಪಲ್ಲಿ ಎನಿಸಿಕೊಂಡಿದ್ದ ಶ್ರೀನಿವಾಸಪುರಕ್ಕೆ ಈಗಿನ ಹೆಸರು ಬಂದದ್ದು ದಿವಾನ್ ಪೂರ್ಣಯ್ಯನವರ ಮಗನ ಹೆಸರಿನಿಂದ. ಪಕ್ಕದ ಮುಳಬಾಗಿಲಿನ ಹಳೆಯ ಜನರನ್ನು ನೆನೆದು ಬರೆಯಲು ಡಿ.ವಿ.ಜಿ. ಇದ್ದರು. ನಮ್ಮ ಹಳ್ಳಿಗಳ ಟೀಚರಮ್ಮಂದಿರಿಗೆ ಬರೆದವರು ಕಡಿಮೆ. ಕಾಂಪೌಂಡ್ ಕಟ್ಟಿಸಿದ, ಫ್ಯಾನ್ ಕೊಡಿಸಿದ ದಾನಿಗಳ ಹೆಸರು ಶಾಲೆಯ ಗೋಡೆಯ ಮೇಲಿರುತ್ತದೆ. ಮುಖ್ಯ ಶಿಕ್ಷಕರ ಹೆಸರು, ಸೇವಾ ಅವಧಿ ಅವರ ಕೊಠಡಿಯ ಫಲಕದಲ್ಲಿರುತ್ತದೆ. ಸಹಶಿಕ್ಷಕಿ ವರ್ಗವಾದ ಮೇಲೆ, ನಿವೃತ್ತಿಯಾದ ಮೇಲೆ, ಹಳೆಯ ಹಾಜರಿ ಪುಸ್ತಕಗಳ ಜೊತೆ ಅವಳ ಹೆಸರೂ ಬೀರುವಿನೊಳಗೆ ಸೇರುತ್ತದೆ.

ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿಯಲ್ಲಿ ನೀವೋ ನಿಮ್ಮವರೋ ಇದ್ದರೆ, ಆ ಬೀರು ತೆಗೆಸಿ. ಸಹಶಿಕ್ಷಕಿಯರ ಹೆಸರು, ಇಸವಿ ಹುಡುಕಿ ಫಲಕಕ್ಕೆ ಸೇರಿಸಿ. ಒಂದು ಡಬ್ಬಿ ಬಣ್ಣ, ಅಕ್ಷರ ಬರೆಯುವವರಿಗೆ ಅರ್ಧ ದಿನದ ಕೂಲಿ, ಅದಕ್ಕಿಂತ ಹೆಚ್ಚು ಖರ್ಚಿಲ್ಲ.