ಕೈ ಮತ್ತು ಕರಸ್ಥಲ

ಕನ್ನಡಿಗರ ನಾಲಗೆಯಲ್ಲಿ ದಿನಕ್ಕೆ ನೂರು ಸಲ ಹೊರಳುವ ಚಿಕ್ಕ ಮಾತು ‘ಕೈ’ ಎಂಬುದು. ಸಂಸ್ಕೃತದಲ್ಲಿ ಕರ, ಹಸ್ತ, ಪಾಣಿ ಎಂದು ಮುಂತಾಗಿ ಕರೆಯಿಸಿಕೊಳ್ಳುವ ಈ ಅವಯವವು ಕರ್ಮೇಂದ್ರಿಯಗಳೈದರಲ್ಲಿ ಒಂದು. ವಾಕ್ಕಿನ ಬೆನ್ನಿಗೇ ಶಾಸ್ತ್ರಕಾರರು ಇದನ್ನು ಎಣಿಸುತ್ತಾರೆ. ಮಣಿಕಟ್ಟಿನಿಂದ ಬೆರಳ ತುದಿಯವರೆಗಿನ ಅಷ್ಟು ಸಣ್ಣ ಎಡೆಯಲ್ಲಿ 27 ಎಲುಬುಗಳಿವೆ. ಹಿಡಿಯುವುದನ್ನೂ ಬಿಡುವುದನ್ನೂ ಕೈ ಸಮನಾಗಿ ಬಲ್ಲುದಾಗಲೆಂದೇ ಪರಶಿವನು ಅದನ್ನು ಹೀಗೆ ರಚಿಸಿರಬೇಕು.

ಕೈ ಎಂಬುದು ಅಚ್ಚಗನ್ನಡದ ಪದ. ತಮಿಳು, ಮಲಯಾಳ, ತುಳು ಭಾಷೆಗಳಲ್ಲಿಯೂ ಅದೇ ರೂಪವುಂಟು. ತೆಲುಗಿನಲ್ಲಿ ಅದು ಚೇಯಿ. ಹಳಗನ್ನಡದಲ್ಲಿ ಕಯ್, ಕೆಯ್ ಎಂಬ ರೂಪಗಳಿವೆ. ಅದೇ ಹಳಗನ್ನಡದಲ್ಲಿ ಕೆಯ್ ಎಂದರೆ ಹೊಲ. ಗೆಯ್ ಎಂದರೆ ಕೆಲಸ ಮಾಡು. ಈ ಮೂರೂ ಒಂದೇ ಧಾತುವಿನವೆಂದು ಸಾಧಿಸಬೇಕಾಗಿಲ್ಲ. ಆದರೂ ಕೈ, ಗೆಯ್ಮೆ, ಹೊಲ ಇವು ಒಕ್ಕಲಿನ ಬಾಳಿನಲ್ಲಿ ಒಂದನ್ನೊಂದು ಅಗಲದವು. ಕೈಲಾಸ, ಕೈವಲ್ಯಗಳು ಮಾತ್ರ ಸಂಸ್ಕೃತದಿಂದ ಬಂದವು; ಕೈದಿ ಎಂಬುದು ಅರಬ್ಬೀ ಮೂಲದ್ದು. ಅವುಗಳಿಗೂ ಈ ಕೈಗೂ ನಂಟಿಲ್ಲ.

ಬಳಕೆಯನ್ನು ನೋಡಿದರೆ ಈ ಪದದ ಸೋಜಿಗ ತಿಳಿಯುತ್ತದೆ. ತಾಯಿ ಕೊಡುವುದು ಕೈತುತ್ತು, ನೆರೆಯವನು ಕೊಡುವುದು ಕೈಗಡ, ವೈದ್ಯನಲ್ಲಿರುವುದು ಕೈಗುಣ. ಕೈನೀಡುವುದು ಉಪಕಾರ; ಕೈಕೊಡುವುದು ವಂಚನೆ. ಕೈಮುಗಿಯುವುದು ವಂದನೆ, ಕೈಮಾಡುವುದು ಹೊಡೆತ. ಕೈಹಿಡಿಯುವುದು ರಕ್ಷಣೆ, ಕೈಬಿಡುವುದು ದ್ರೋಹ. ಅವಯವವು ಒಂದೇ ಆಗಿದ್ದರೂ ಅದರೊಡನೆ ಸೇರುವ ಕ್ರಿಯೆಯು ಬದಲಾದೊಡನೆ ಪುಣ್ಯವು ಪಾಪವಾಗಿಬಿಡುತ್ತದೆ. ಕೈಗೆ ತನ್ನದೇ ಆದ ಶುದ್ಧಿಯಾಗಲಿ ಅಶುದ್ಧಿಯಾಗಲಿ ಇಲ್ಲ. ಮಾಡಿದ ಕ್ರಿಯೆಯೇ ಅದರ ಕುಲ.

ಲೋಕರೂಢಿಯಲ್ಲಿ ಎಡಗೈ ಕೀಳೆನಿಸಿಕೊಂಡಿದೆ. ಆದರೆ ಶಿವಭಕ್ತನು ಇಷ್ಟಲಿಂಗವನ್ನು ಬಿಜಯಂಗೈಸುವುದು ಆ ಎಡಗೈಯ ಅಂಗಳದಲ್ಲಿಯೇ. ದೀಕ್ಷೆಯ ಕಾಲದಲ್ಲಿ ಗುರುವು ಶಿಷ್ಯನ ತಲೆಯ ಮೇಲೆ ಕೈಯಿರಿಸುವನು, ಇದು ಹಸ್ತಮಸ್ತಕಸಂಯೋಗ. ಆಮೇಲೆ ಲಿಂಗವು ಶಿಷ್ಯನ ಕರಸ್ಥಲಕ್ಕೆ ಬರುತ್ತದೆ. ಗುರುವಿನ ಕೈ, ಶಿಷ್ಯನ ತಲೆ, ಶಿಷ್ಯನ ಕೈ, ಹೀಗೆ ಸಂಸ್ಕಾರವೆಲ್ಲ ಕೈಯಿಂದ ಕೈಗೇ ಇಳಿದುಬರುವುದು. ಗಂಡಿಗೆಂತೋ ಹೆಣ್ಣಿಗೂ ಅಂತೆಯೇ. ಷಟ್‌ಸ್ಥಲಶಾಸ್ತ್ರವು ಇನ್ನೂ ಒಳಗೆ ಹೋಗಿ ಸುಚಿತ್ತ, ಸುಬುದ್ಧಿ, ನಿರಹಂಕಾರ, ಸುಮನ, ಸುಜ್ಞಾನ, ಸದ್ಭಾವ ಎಂಬ ಆರು ಹಸ್ತಗಳನ್ನು ಹೇಳುತ್ತದೆ. ಹೊರಗಿನ ಕೈ ಏನನ್ನು ಅರ್ಪಿಸಿದರೂ ಒಳಗಿನ ಈ ಹಸ್ತಗಳು ಅರ್ಪಿಸದಿದ್ದರೆ ಅದು ಲಿಂಗಕ್ಕೆ ಮುಟ್ಟದೆಂಬುದೇ ಇದರ ತಾತ್ಪರ್ಯ.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದನು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಬಂದಿತು. ಸತಿ ಲಕ್ಕಮ್ಮನು ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ತಿರುಗಿ ಕಳುಹಿಸಿದಳು. ಅದು ಕಳವಿನ ಅಕ್ಕಿಯಲ್ಲ, ಆಯ್ದ ಅಕ್ಕಿಯೇ. ಆದರೂ ತನ್ನ ಪಾಲನ್ನು ಮೀರಿದುದನ್ನು ಕೈ ಹಿಡಿಯಬಾರದೆಂದು ಆ ತಾಯಿ ಅರಿತಿದ್ದಳು.

ಈ ಮಾತನ್ನು ಇಂದು ಆನೇಕಲ್ಲಿನ ಸೀಮೆಯಲ್ಲಿ ನೆನೆಯಬೇಕಾಗಿದೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳೆದ್ದ ಮೇಲೆ ರಾಗಿಯ ಹೊಲಗಳು ನಿವೇಶನಗಳಾದವು. ತಾತ ಮುತ್ತಾತಂದಿರು ಕನಸಿನಲ್ಲಿಯೂ ಎಣಿಸದ ಹಣ ಮನೆಗಳಿಗೆ ಬಂದಿತು. ಇಂತಹ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುವುದೇನು? ತಂದೆ ಲಿಂಗೈಕ್ಯನಾದ ಬಳಿಕ ಹೊಲ ಮಾರಾಟಕ್ಕೆ ಬರುತ್ತದೆ. ಕೊಟ್ಟ ಊರಿನಿಂದ ಮಗಳನ್ನು ತವರಿಗೆ ಕರೆಸುತ್ತಾರೆ. ಊಟ, ಎಲೆ ಅಡಿಕೆ, ಒಂದು ಸೀರೆ. ಆಮೇಲೆ ನೋಂದಣಿ ಕಚೇರಿ. “ಇಲ್ಲೊಂದು ರುಜು ಹಾಕಮ್ಮ” ಎನ್ನುತ್ತಾನೆ ಅಣ್ಣ. ಬೆಲೆಯೆಷ್ಟೆಂದು ಅವಳು ಕೇಳುವುದಿಲ್ಲ, ಅವನು ಹೇಳುವುದಿಲ್ಲ. ಕೇಳಿದರೆ ತವರು ಕೈಬಿಟ್ಟೀತೆಂಬ ಅಂಜಿಕೆಯಿಂದ ಅವಳು ಕೈ ಮುಂದಿಡುತ್ತಾಳೆ. ಬೆಳಗ್ಗೆ ಲಿಂಗವನ್ನು ಹಿಡಿದ ಕೈಯೇ ಮಧ್ಯಾಹ್ನ ಒಡಹುಟ್ಟಿದವಳ ಹೆಬ್ಬೆರಳನ್ನು ಮಸಿಗೆ ಒತ್ತುತ್ತದೆ!

ರಾಜಶಾಸನವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತನ್ನ ವ್ಯಾಪ್ತಿಯಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳುತ್ತದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನ ಸಮಾನವಾದ ಹಕ್ಕು ಬಂದಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ನಿರ್ಣಯಿಸಿತು. ಅದಕ್ಕೆ ಮೊದಲೇ ಕ್ರಮವಾಗಿ ವಿಭಾಗವಾದ ಆಸ್ತಿಯ ಮಾತು ಬೇರೆ.

“ಮದುವೆಗೆ ಖರ್ಚು ಮಾಡಿದ್ದೇವೆ, ಮುಪ್ಪಿನಲ್ಲಿ ತಂದೆತಾಯಿಗಳನ್ನು ನೋಡಿದವರು ನಾವು” ಎಂದು ಅಣ್ಣತಮ್ಮಂದಿರು ಹೇಳಬಹುದು. ಅದು ಸುಳ್ಳಲ್ಲ. ತಂಗಿಯೂ ಅದನ್ನು ಮನ್ನಿಸಿ ತನ್ನ ಪಾಲನ್ನು ಬಿಟ್ಟುಕೊಡಬಹುದು; ಅದು ಅವಳ ದೊಡ್ಡಸ್ತಿಕೆ. ಆದರೆ ಇಷ್ಟು ಬೆಲೆ, ಇಷ್ಟು ನಿನ್ನ ಪಾಲು ಎಂದು ತಿಳಿಸಿದ ಮೇಲೆ ಬಿಟ್ಟರೆ ಅದು ದಾನ. ತಿಳಿಸದೆ ಬಿಡಿಸಿದರೆ ಅದು ಅಪಹರಣ. ಪರಧನವನ್ನು ಒಲ್ಲೆನೆಂಬ ಭಕ್ತನಿಗೆ ಪರರ ಮನೆಯ ಧನವಷ್ಟೇ ಪರಧನವಲ್ಲ. ಒಡಹುಟ್ಟಿದವಳಿಗೆ ಸಲ್ಲಬೇಕಾದುದೂ ಪರಧನವೇ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲವೆಂದು ಹಿರಿಯರ ಗಾದೆ. ಪ್ರತಿದಿನವೂ ಪೂಜೆಯ ಹೊತ್ತಿಗೆ ಭಕ್ತನು ತನ್ನ ಅಂಗೈಯನ್ನು ನೋಡಲೇಬೇಕು; ಲಿಂಗವಿರುವುದು ಅಲ್ಲಿಯೇ. ಕಾಗದಪತ್ರಕ್ಕೆ ರುಜು ಹಾಕಿಸುವ ದಿನ ಆ ನೋಟವು ಇನ್ನೊಂದು ಗಳಿಗೆ ನಿಲ್ಲಲಿ. ಪೂಜೆ ಮುಗಿದೊಡನೆ ತಂಗಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಪತ್ರವನ್ನು ಅವಳಿಗೆ ಓದಿ ಹೇಳಿ, ಬಂದ ಹಣವೆಷ್ಟೆಂದು ತಿಳಿಸಿ, ಬಳಿಕ ಲೇಖನಿಯನ್ನು ಅವಳ ಕೈಗೆ ಕೊಡಲಿ. ಅವಳು ಏನು ಬರೆದರೂ ಆ ಮನೆಯಲ್ಲಿ ಕರಸ್ಥಲವು ಕರಸ್ಥಲವಾಗಿಯೇ ಉಳಿಯುವುದು.